ಒಪ್ಪಿಗೆಗೆ ಯಾರು ಸಾಕ್ಷಿ?

ಅಮೀನಗಡದಿಂದ ಐಹೊಳೆ, ಪಟ್ಟದಕಲ್ಲು ದಾಟಿ ಬಾದಾಮಿಗೆ ಹೋದರೆ ಅಲ್ಲಿನ ಮೂರನೆಯ ಗುಹೆಯಲ್ಲಿ ಚಾಲುಕ್ಯ ಮಂಗಳೇಶನ ಶಾಸನ ಸಿಗುತ್ತದೆ. ಶಕವರ್ಷ 500, ಅಂದರೆ ಕ್ರಿ.ಶ. 578ರ ಕಾರ್ತಿಕ ಹುಣ್ಣಿಮೆಯಂದು ಆ ವಿಷ್ಣು ಗುಹಾಲಯವನ್ನು ಪ್ರತಿಷ್ಠಾಪಿಸಿ, ಅದರ ಪುಣ್ಯವನ್ನು ತನ್ನ ಅಣ್ಣ ಕೀರ್ತಿವರ್ಮನಿಗೆ ಧಾರೆಯೆರೆದ ಸಂಗತಿ ಅದರಲ್ಲಿದೆ. ಧಾರೆಯೆರೆದದ್ದು ಸೂರ್ಯ, ಅಗ್ನಿ ಮತ್ತು ಮಹಾಜನರ ಸಮಕ್ಷಮದಲ್ಲಿ. ಸೂರ್ಯನೂ ಅಗ್ನಿಯೂ ನೋಡುತ್ತಿರುವಾಗ ಮಹಾಜನರು ಏಕೆ ಬೇಕಾದರು? ಮಹಾಜನರೂ ಕಂಡ ಮೇಲೆ ಅದನ್ನು ಬಂಡೆಯಲ್ಲಿ ಕೊರೆಯಬೇಕಾದದ್ದೇಕೆ? ಧರ್ಮಚಿಂತನೆಯ ಹಳೆಯ ಪ್ರಶ್ನೆಯೊಂದು ಇಲ್ಲಿದೆ: ಮನಸ್ಸಾಕ್ಷಿ ಶುದ್ಧವಾಗಿದ್ದರೆ ಸಾಲದೇ, ಹೊರಗಿನ ಸಾಕ್ಷಿಯೂ ಬೇಕೇ? ಬೇಕೇ ಬೇಕು ಎಂಬುದು ನನ್ನ ವಾದ. ಅದಕ್ಕೆ ಇಂದಿನ ಗಟ್ಟಿ ನಿದರ್ಶನ ಮುಕ್ತ ತಂತ್ರಾಂಶದ ಲೋಕದಲ್ಲಿದೆ.

ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್‌ಗೆ ಯಾರು ಬೇಕಾದರೂ ತಿದ್ದುಪಡಿ ಕಳಿಸಬಹುದು. ಆದರೆ ಒಳಗೆ ಸೇರುವ ಪ್ರತಿ ತಿದ್ದುಪಡಿಯ ಕೊನೆಗೂ ಹೆಸರುಗಳ ಸಾಲು ಇರುತ್ತದೆ. 'ಸೈನ್ಡ್-ಆಫ್-ಬೈ' ಎಂದರೆ ಈ ಕೋಡನ್ನು ಇಲ್ಲಿ ಕೊಡುವ ಹಕ್ಕು ನನಗಿದೆ ಎಂಬ ಹೇಳಿಕೆ. ಲಿನಕ್ಸ್‌ನಲ್ಲಿ ತನ್ನ ಕೋಡು ಸೇರಿದೆ ಎಂದು ಸ್ಕೋ ಕಂಪನಿ ಹೂಡಿದ ದಾವೆಯ ಬೆನ್ನಿಗೆ, 2004ರಲ್ಲಿ ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಇದನ್ನು ಬಳಕೆಗೆ ತಂದರು. 'ಅಕ್ಡ್-ಬೈ' ಎಂದರೆ ನನ್ನ ಸಮ್ಮತಿ ಇದೆ ಎಂದಷ್ಟೇ. 'ಟೆಸ್ಟೆಡ್-ಬೈ' ಎಂದರೆ ಓಡಿಸಿ ನೋಡಿದ್ದೇನೆ. 'ರಿವ್ಯೂಡ್-ಬೈ' ಎಲ್ಲಕ್ಕಿಂತ ಭಾರದ್ದು: ಕೂಲಂಕಷವಾಗಿ ಪರಿಶೀಲಿಸಿದ್ದೇನೆ, ಕಂಡ ತೊಡಕುಗಳನ್ನು ಬರೆದವರಿಗೆ ತಿಳಿಸಿದ್ದೇನೆ, ನನಗೆ ತಿಳಿದಂತೆ ಸೇರಿಸಲು ಅಡ್ಡಿಯಿಲ್ಲ; ಆದರೆ ಇದು ಕೆಡುವುದೇ ಇಲ್ಲವೆಂಬ ಖಾತರಿ ಕೊಡುತ್ತಿಲ್ಲ. ಕಂಡದ್ದನ್ನು ಹೇಳು, ಕಾಣದ್ದಕ್ಕೆ ಜಾಮೀನು ನಿಲ್ಲಬೇಡ ಎಂಬ ಸಾಕ್ಷಿಧರ್ಮವೇ ಇದು. ಈ ಸಾಲುಗಳನ್ನು ಆಮೇಲೆ ಸದ್ದಿಲ್ಲದೆ ಅಳಿಸಲೂ ಆಗದು. ತಿದ್ದುಪಡಿಗಳ ಚರಿತ್ರೆಯನ್ನು ಕಾಪಿಡಲು 2005ರಲ್ಲಿ ಬಂದ ಗಿಟ್ ವ್ಯವಸ್ಥೆಯಲ್ಲಿ ಒಂದಕ್ಷರ ಬದಲಿಸಿದರೂ ಆ ತಿದ್ದುಪಡಿಯ ಗುರುತುಸಂಖ್ಯೆ ಬದಲಾಗುತ್ತದೆ, ಅದರ ಮೇಲೆ ಕಟ್ಟಿದ ಎಲ್ಲದರ ಗುರುತೂ ಬದಲಾಗುತ್ತದೆ.

ನಂಬಿಕೆಯಿದ್ದಲ್ಲಿ ಬರಹವೇಕೆ ಎಂದು ಕೇಳುವವರಿದ್ದಾರೆ. ನಮ್ಮ ಕಡೆಯ ದನದ ಸಂತೆಗಳಲ್ಲಿ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸುತ್ತಾರೆ. ಕಾಗದವಿಲ್ಲದೆಯೂ ಮಾತು ನಿಲ್ಲುತ್ತದೆ. ನಿಜ. ಆದರೆ ಅಲ್ಲಿ ಕೊಡುವವನೂ ಕೊಳ್ಳುವವನೂ ಎದುರುಬದುರು ನಿಂತಿರುತ್ತಾರೆ, ಮುಂದಿನ ವಾರ ಮತ್ತೆ ಅದೇ ಸಂತೆಗೆ ಬರುತ್ತಾರೆ. ಕೋಡಿನ ಫಲ ಉಣ್ಣುವವನು ಎದುರಿಗಿಲ್ಲ. ಇಳಕಲ್ಲಿನ ಬ್ಯಾಂಕಿನಲ್ಲೋ ಬಾಗಲಕೋಟೆಯ ಆಸ್ಪತ್ರೆಯಲ್ಲೋ ಇರುವ ಅವನಿಗೆ, ಬರೆದವರೂ ಒಪ್ಪಿದವರೂ ಯಾರೆಂದೇ ಗೊತ್ತಿಲ್ಲ. ಮನಸ್ಸಾಕ್ಷಿ ನನ್ನೊಡನೆ ಮಾತಾಡೀತು, ಅವನೊಡನೆ ಮಾತಾಡಲಾರದು. ಎದುರಿಗಿಲ್ಲದವರಿಗೂ, ಇನ್ನೂ ಹುಟ್ಟದವರಿಗೂ ಉತ್ತರ ಕೊಡಬೇಕಾದಾಗ ಸಾಕ್ಷಿ ಹೊರಗೆ ಬರಲೇಬೇಕು. ಮಹಾಜನರು ಕಂಡದ್ದನ್ನೂ ಕಲ್ಲಿಗೇರಿಸಿದ್ದು ಅದಕ್ಕಾಗಿಯೇ.

ಹೆಸರು ಬರೆಸಿಕೊಳ್ಳುವುದೇ ಅಹಂಕಾರ, ಬಲಗೈ ಮಾಡಿದ್ದು ಎಡಗೈಗೆ ತಿಳಿಯಬಾರದು ಎಂಬುದು ಇನ್ನೊಂದು ಆಕ್ಷೇಪ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಹೊಗಳಿಕೆಗಾಗಿ ಬರೆಸುವ ಹೆಸರೇ ಬೇರೆ, ಹೊಣೆಗಾಗಿ ಒಡ್ಡುವ ಹೆಸರೇ ಬೇರೆ. 'ನಾನು' ಎಂಬುದನ್ನು ಕಳೆದುಕೊಳ್ಳಲು ಹೆಣಗಿದ ಶರಣರೂ ವಚನಗಳನ್ನು ಗುರುತಿಲ್ಲದೆ ಬಿಡಲಿಲ್ಲ. ಬಸವಣ್ಣನವರ ವಚನ ಕೂಡಲಸಂಗಮದೇವನ ಅಂಕಿತದಲ್ಲಿ ಮುಗಿಯುತ್ತದೆ. ಅಲ್ಲಿ ತನ್ನ ಹೆಸರಿನ ಮೆರೆದಾಟವಿಲ್ಲ, ಆದರೂ ಮಾತು ಯಾರದೆಂದು ತಿಳಿಯುತ್ತದೆ. ಆಡಿದ ಮಾತಿಗೆ ಇಷ್ಟದೈವವೇ ಎದುರು ನಿಂತಿದೆ. ದಾನ ಗುಟ್ಟಾಗಿರಲಿ. ಪರರ ಬದುಕು ನಿಂತಿರುವ ಒಪ್ಪಿಗೆ ಗುಟ್ಟಾಗಿರಬಾರದು.

ಎಲ್ಲಕ್ಕಿಂತ ಬಲವಾದ ಆಕ್ಷೇಪ 2024ರದ್ದು. 'ಎಕ್ಸ್‌ಝಡ್' ಎಂಬ ಸಣ್ಣ ತಂತ್ರಾಂಶದ ಕೆಲಸದಲ್ಲಿ ಜಿಯಾ ಟಾನ್ ಎಂಬ ಹೆಸರಿನಲ್ಲಿ ಒಬ್ಬರು ವರ್ಷಗಟ್ಟಲೆ ದುಡಿದು ವಿಶ್ವಾಸ ಗಳಿಸಿ, ಮೇಲ್ವಿಚಾರಕರಾಗಿ, ಕೊನೆಗೆ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳಬಾಗಿಲು ಇಟ್ಟರು. ದಾಖಲೆಯಲ್ಲಿ ಹೆಸರಿತ್ತು, ಆ ಹೆಸರೇ ಸುಳ್ಳೆಂದು ನಂಬಲಾಗಿದೆ. ಹಾಗಾದರೆ ದಾಖಲೆಯಿಂದ ಏನು ಬಂತು? ಘಟನೆಯನ್ನು ಹತ್ತಿರದಿಂದ ನೋಡಬೇಕು. ಕೇಡಿನ ಸಾಮಗ್ರಿ ಪರೀಕ್ಷಾ ಕಡತಗಳ ವೇಷದಲ್ಲಿ ಕೋಡಿನ ಬಹಿರಂಗ ಭಂಡಾರದಲ್ಲೇ ಇತ್ತು. ಅದಕ್ಕೆ ಜೀವ ಕೊಡುವ ಸಾಲುಗಳನ್ನು ಮಾತ್ರ ಭಂಡಾರಕ್ಕೆ ಸೇರಿಸದೆ, ಬಿಡುಗಡೆಯ ಕಟ್ಟಿನಲ್ಲಷ್ಟೇ ಇಡಲಾಗಿತ್ತು. ಎಲ್ಲರೂ ನೋಡಬಹುದಾದ ದಾಖಲೆಗೆ ಮೋಸ ಅಂಜಿತ್ತು. ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರು ಬೆನ್ನು ಹತ್ತಿ ಅದನ್ನು ಬಯಲಿಗೆಳೆದ ಮೇಲೆ, ಆ ಹೆಸರಿನಲ್ಲಿ ಸೇರಿದ ಒಂದೊಂದು ತಿದ್ದುಪಡಿಯನ್ನೂ ಮತ್ತೆ ಜಾಲಾಡಲು ಸಾಧ್ಯವಾದದ್ದೂ ದಾಖಲೆಯಿಂದಲೇ. ಕೊರತೆಯಾದದ್ದು ಸಾಕ್ಷಿಯ ಪದ್ಧತಿಯಲ್ಲಲ್ಲ. ಎರಡನೆಯ ಜೊತೆ ಕಣ್ಣು ಅಲ್ಲಿ ಇರಲೇ ಇಲ್ಲ.

ಆದ್ದರಿಂದ ಒಳಸಾಕ್ಷಿ, ಹೊರಸಾಕ್ಷಿಗಳಲ್ಲಿ ಒಂದನ್ನು ಆರಿಸಿಕೊಳ್ಳುವ ಪ್ರಶ್ನೆಯೇ ಇಲ್ಲ. ಒಳಸಾಕ್ಷಿಯಿಲ್ಲದ ರುಜು ಬರೀ ಮೊಹರು, ಹೊರಗೆ ಬಾರದ ಒಳಸಾಕ್ಷಿ ಪರರಿಗೆ ದಕ್ಕದು. ಓದದೆ ಒಪ್ಪಿದವನು ಕೋಡಿಗಷ್ಟೇ ಅಲ್ಲ, ಆ ಸಾಲನ್ನು ನಂಬಿದ ಪ್ರತಿಯೊಬ್ಬರಿಗೂ ಸುಳ್ಳು ಹೇಳಿದಂತೆ. ಹಾಗಾಗಿ ಸಹಿ ಹಾಕಿದವರನ್ನು ಗೌರವಿಸುವಷ್ಟೇ, 'ನಾನಿದನ್ನು ಪೂರ್ತಿ ನೋಡಿಲ್ಲ, ಹೆಸರು ಹಾಕಲಾರೆ' ಎನ್ನುವವರನ್ನೂ ಗೌರವಿಸಲು ಸಮುದಾಯಗಳು ಕಲಿಯಬೇಕು. ಹಾಗೆ ತಡೆದು ನಿಲ್ಲುವವರು ಇರುವುದರಿಂದಲೇ ಹಾಕಿದ ಸಹಿಗೆ ಬೆಲೆ.