ಹುಟ್ಟುಗುಣ ಮತ್ತು ಹೊಣೆ

‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಗಾದೆಯನ್ನು ಕೇಳುತ್ತಲೇ ನಾವೆಲ್ಲ ಬೆಳೆದವರು. ಒಬ್ಬನನ್ನು ಹೊಗಳುವಾಗ ‘ಅವನ ರಕ್ತವೇ ಅಂಥದು’ ಎನ್ನುತ್ತೇವೆ. ತೆಗಳುವಾಗಲೂ ಅದೇ ಮಾತು. ದೆಹಲಿಗೆ ಬಂದು ನೆಲೆಸಿದ ನಾವು ಇದನ್ನು ಇನ್ನೊಂದು ಬಗೆಯಲ್ಲೂ ಬಳಸುವುದುಂಟು. ಮೊಮ್ಮಕ್ಕಳು ಕನ್ನಡದಲ್ಲಿ ಉತ್ತರ ಕೊಡುವುದಿಲ್ಲವೆಂದು ಊರಿನಿಂದ ಬಂದ ಹಿರಿಯರು ನೊಂದುಕೊಂಡರೆ, ‘ಕನ್ನಡ ಅವರ ರಕ್ತದಲ್ಲೇ ಇದೆ, ಎಲ್ಲಿಗೆ ಹೋಗುತ್ತದೆ?’ ಎಂದು ಸಮಾಧಾನ ಹೇಳಿಬಿಡುತ್ತೇವೆ. ಈ ಮಾತು ಎಷ್ಟರಮಟ್ಟಿಗೆ ನಿಜ? ರಕ್ತವನ್ನೇ ಕೇಳಿ ನೋಡೋಣ.

ಆರ್.ಕೆ. ಪುರಂನಲ್ಲಿರುವ ದೆಹಲಿ ಕರ್ನಾಟಕ ಸಂಘಕ್ಕೆ ಹೋಗಿ ಬರುವ ನಮ್ಮಲ್ಲಿ ಅನೇಕರು ಅರುಣಾ ಆಸಫ್ ಅಲಿ ಮಾರ್ಗದಲ್ಲಿರುವ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಇಮ್ಯುನಾಲಜಿಯ ಫಲಕವನ್ನು ನೋಡಿರಬಹುದು. ಪ್ರೊಫೆಸರ್ ಜಿ. ಪಿ. ತಲ್ವಾರ್ ಅವರು ಮೊದಲ ನಿರ್ದೇಶಕರಾಗಿ, 1981ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯ ಕೆಲಸ, ದೇಹವು ರೋಗವನ್ನು ಎದುರಿಸುವ ಬಗೆಯನ್ನು ಅರಿಯುವುದು. ಆ ಎದುರಿಸುವ ಪಡೆಯೇ ರಕ್ತದ ಬಿಳಿಯ ಕಣಗಳು. ಅವುಗಳಲ್ಲಿ ಹಲವು ಜಾತಿ. ಬಿ ಕೋಶಗಳು ಪ್ರತಿಕಾಯಗಳನ್ನು ತಯಾರಿಸುತ್ತವೆ. ಟಿ ಕೋಶಗಳಲ್ಲಿ ಕೆಲವು ಸೋಂಕು ತಗುಲಿದ ಕೋಶವನ್ನು ಕೊಲ್ಲುತ್ತವೆ, ಕೆಲವು ಇತರ ಕೋಶಗಳಿಗೆ ನೆರವಾಗುತ್ತವೆ. ಇನ್ನು ಕೆಲವು ಕಣಗಳು ರೋಗಾಣುವನ್ನು ನುಂಗಿಬಿಡುತ್ತವೆ.

ಇವೆಲ್ಲದರ ತವರು ಒಂದೇ, ಮೂಳೆಯೊಳಗಿನ ಮಜ್ಜೆ. ಅಲ್ಲಿನ ಮೂಲಕೋಶಗಳಿಂದಲೇ ಎಲ್ಲವೂ ಹುಟ್ಟುತ್ತವೆ. ಎಲ್ಲಕ್ಕೂ ಬಂದಿರುವ ಆಸ್ತಿ ಹೆಚ್ಚುಕಡಿಮೆ ಒಂದೇ, ಸುಮಾರು 20,000 ವಂಶವಾಹಿಗಳು. (ಬಿ ಮತ್ತು ಟಿ ಕೋಶಗಳು ರೋಗಾಣುವನ್ನು ಗುರುತಿಸುವ ಕೆಲವೇ ವಂಶವಾಹಿಗಳನ್ನು ಕತ್ತರಿಸಿ ಜೋಡಿಸಿಕೊಳ್ಳುತ್ತವೆ. ಬಿ ಕೋಶಗಳಲ್ಲಿ ಇದು ಹೇಗೆ ನಡೆಯುತ್ತದೆಂಬುದನ್ನು ತೋರಿಸಿಕೊಟ್ಟ ಸುಸುಮು ತೊನೆಗವಾ ಅವರಿಗೆ 1987ರಲ್ಲಿ ನೊಬೆಲ್ ಬಂತು.) ಹಾಗಾದರೆ ಒಂದೇ ಆಸ್ತಿಯ ಮಕ್ಕಳು ಬೇರೆ ಬೇರೆ ಆಗುವುದು ಹೇಗೆ?

ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ, ಎಲ್ಲ ಸೆಕ್ಷನ್ನುಗಳ ಬೀರುವಿನಲ್ಲೂ ಇರುವುದು ಅದೇ ನಿಯಮಗಳ ಪುಸ್ತಕ. ಪೆನ್ಷನ್ ಸೆಕ್ಷನ್ನಿನವರು ತೆರೆಯುವ ಅಧ್ಯಾಯ ಒಂದು, ರಜೆಯ ಸೆಕ್ಷನ್ನಿನವರದು ಇನ್ನೊಂದು. ಕೋಶದಲ್ಲೂ ಯಾವ ವಂಶವಾಹಿಯನ್ನು ತೆರೆಯಬೇಕು, ಯಾವುದನ್ನು ಮುಚ್ಚಬೇಕು ಎಂದು ಆಜ್ಞೆ ಹೊರಡಿಸುವ ಪ್ರೋಟೀನುಗಳಿವೆ. ಬಿ ಕೋಶದ ಮಟ್ಟಿಗೆ ಅಂಥ ಒಬ್ಬ ಅಧಿಕಾರಿಯ ಹೆಸರು ಪ್ಯಾಕ್ಸ್-5. ಬಿ ಕೋಶಕ್ಕೆ ಬೇಕಾದುದನ್ನು ತೆರೆಯುವುದು ಅದರ ಅರ್ಧ ಕೆಲಸವಷ್ಟೆ. ಬೇರೆ ಕೋಶವಾಗುವ ದಾರಿಗಳನ್ನು ಮುಚ್ಚುವುದು ಉಳಿದರ್ಧ.

ವಿಯೆನ್ನಾದ ಮೈನ್‌ರಾಡ್ ಬುಸ್‌ಲಿಂಗರ್ ಮತ್ತು ಸಂಗಡಿಗರು 2007ರಲ್ಲಿ ಇಲಿಗಳಲ್ಲಿ ಒಂದು ಸಂಗತಿಯನ್ನು ತೋರಿಸಿದರು. ಪೂರ್ತಿ ಬೆಳೆದು ನಿಂತ ಬಿ ಕೋಶದಿಂದ ಪ್ಯಾಕ್ಸ್-5 ಅನ್ನು ತೆಗೆದುಹಾಕಿದರೆ, ಆ ಕೋಶವು ಬಿ ಕೋಶವಾಗಿ ಉಳಿಯಲಿಲ್ಲ. ತನ್ನ ಎಳೆತನಕ್ಕೆ ಹಿಂತಿರುಗಿ, ಅಲ್ಲಿಂದ ಟಿ ಕೋಶವಾಗಿ ಬೆಳೆಯಬಲ್ಲದಾಯಿತು. ಇಂಥ ಇಲಿಗಳಲ್ಲಿ ಕ್ಯಾನ್ಸರ್ ಕೂಡ ಕಾಣಿಸಿಕೊಂಡಿತು.

ಇದರಿಂದ ನಮ್ಮ ಗಾದೆಗೆ ದೊಡ್ಡ ಪೆಟ್ಟೇ ಬೀಳುತ್ತದೆ. ರಕ್ತದ ಗುಣವೆಂಬುದು ರಕ್ತಕ್ಕೇ ಒಮ್ಮೆ ಸಿಕ್ಕಿ ಮುಗಿದ ಆಸ್ತಿಯಲ್ಲ. ಬದುಕಿರುವವರೆಗೆ ದಿನದಿನವೂ ಕಾಪಾಡಿಕೊಳ್ಳಬೇಕಾದ ಸ್ಥಿತಿ. ಹಾಗಿರುವಾಗ ಹುಟ್ಟಿನ ಮಾತೆತ್ತಿ ಒಬ್ಬರನ್ನು ಏರಿಸುವುದಕ್ಕಾಗಲಿ ಇನ್ನೊಬ್ಬರನ್ನು ಇಳಿಸುವುದಕ್ಕಾಗಲಿ ರಕ್ತದ ಸಾಕ್ಷ್ಯ ನಮಗೆ ಸಿಗುವುದಿಲ್ಲ. ಭಾಷೆಯಂತೂ ವಂಶವಾಹಿಯಲ್ಲಿ ಬರುವುದೇ ಇಲ್ಲ. ಮಾತು ಕಲಿಯುವ ಶಕ್ತಿ ಹುಟ್ಟಿನಿಂದ ಬರುತ್ತದೆ; ಯಾವ ಮಾತು ಎಂಬುದು ಕಿವಿಯಿಂದ ಬರುತ್ತದೆ.

ಆದರೆ ಹೋಲಿಕೆಯನ್ನು ಅಳತೆ ಮೀರಿ ಎಳೆಯಬಾರದು. ಬಿ ಕೋಶವು ಟಿ ಕೋಶವಾಗಬೇಕಾದರೆ ತನ್ನತನವನ್ನು ಬಿಡಲೇಬೇಕು. ಮನುಷ್ಯನಿಗೆ ಆ ಕಟ್ಟುಪಾಡಿಲ್ಲ. ಬೀದಿಯಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್, ಅಜ್ಜಿಯ ಹತ್ತಿರ ಕನ್ನಡ ಆಡುವ ಮಗು ಯಾವುದನ್ನೂ ಕಳೆದುಕೊಂಡಿಲ್ಲ. ಮಕ್ಕಳ ಹಿಂದಿಯನ್ನು ಒಂದು ರೋಗವೆಂಬಂತೆ ಕಾಣುವವರು ಇದನ್ನು ಮರೆಯುತ್ತಾರೆ. ಎರಡನೆಯದಾಗಿ, ಕೋಶಕ್ಕೆ ಆಯ್ಕೆಯಿಲ್ಲ, ಆದುದರಿಂದ ಹೊಣೆಯೂ ಇಲ್ಲ. ನಮಗೆ ಎರಡೂ ಇವೆ.

ನಿಜವಾದ ಪ್ರಶ್ನೆ ಇರುವುದು ಇಲ್ಲಿ. ಕಚೇರಿಯಿಂದ ದಣಿದು ಬಂದು, ಬೇಗ ಅರ್ಥವಾಗುತ್ತದೆಂದು ಮಗುವಿನೊಡನೆ ಹಿಂದಿಯಲ್ಲೇ ಮಾತು ಮುಗಿಸಿದಾಗ, ನಾವು ಒಂದು ಬಾಗಿಲನ್ನು ಮುಚ್ಚುತ್ತಿರುತ್ತೇವೆ. ಅಂಥದೊಂದು ಬಾಗಿಲಿತ್ತೆಂದು ಮಗುವಿಗೆ ಗೊತ್ತೇ ಇರುವುದಿಲ್ಲ. ಅವನ ಹೆಸರಿನಲ್ಲಿ ಅದನ್ನು ಮುಚ್ಚುವ ಅಧಿಕಾರ ನಮಗೆ ಯಾರು ಕೊಟ್ಟರು? ‘ಕಲಿತು ಏನು ಪ್ರಯೋಜನ?’ ಎಂದು ಕೇಳುವವರಿದ್ದಾರೆ. ಪ್ರಯೋಜನವಿದೆಯೇ ಇಲ್ಲವೇ ಎಂದು ತೀರ್ಮಾನಿಸಬೇಕಾದವನು ಅವನು. ತೀರ್ಮಾನಿಸಲು ಮೊದಲು ಅದು ಅವನ ಕೈಯಲ್ಲಿರಬೇಕು. ಹಾಗೆಂದು ಗದರಿಸಿ, ನಾಲ್ಕು ಜನರ ಮುಂದೆ ನಾಚಿಸಿ ಕನ್ನಡ ಆಡಿಸುವುದೂ ತಪ್ಪು. ನಾಚಿಕೆಯಿಂದ ಕಲಿತದ್ದನ್ನು ಮಕ್ಕಳು ದೊಡ್ಡವರಾದ ಮೇಲೆ ಮೊದಲು ಬಿಡುತ್ತಾರೆ.

ತೆರೆದಿಡುವುದು ನಮ್ಮ ಕರ್ತವ್ಯ, ಒಳಗೆ ಬರುವುದು ಅವರ ಇಷ್ಟ. ಅವರು ಹಿಂದಿಯಲ್ಲಿ ಉತ್ತರ ಕೊಟ್ಟರೂ ನಾವು ಕನ್ನಡದಲ್ಲೇ ಮುಂದುವರಿಯೋಣ. ಊಟದ ಹೊತ್ತಿನಲ್ಲಿ ಅರ್ಧ ಗಂಟೆಯಾದರೂ ಸಾಕು. ರಕ್ತ ಈ ಕೆಲಸವನ್ನು ನಮಗಾಗಿ ಮಾಡಿಕೊಡುವುದಿಲ್ಲ.