ವ್ರತಭಂಗವು ಯಾರದು? ಅಜ್ಜಿಯ ಒಂದು ನೆನಪು

ಅರಿತು ಕೈಕೊಂಡ ಸಂಕಲ್ಪವೇ ವ್ರತವೆಂದು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ಹಾಗಾದರೆ ವ್ರತಿಯು ಅರಿಯದಂತೆ ಬೇರೊಬ್ಬರು ಆ ವ್ರತಕ್ಕೆ ಭಂಗ ತರಬಲ್ಲರೆ? ತಂದರೆ ದೋಷವು ಯಾರಿಗೆ ಸಲ್ಲತಕ್ಕದ್ದು? ಹದಿನಾಲ್ಕನೆಯ ವಯಸ್ಸಿನಲ್ಲಿ, ಶಾಸ್ತ್ರದ ಒಂದಕ್ಷರವನ್ನೂ ಕಲಿಯುವ ಮೊದಲೇ, ಈ ಪ್ರಶ್ನೆಯು ನನ್ನನ್ನು ಹಿಡಿಯಿತು. ಅದಕ್ಕೆ ಕಾರಣರು ನನ್ನ ಅಜ್ಜಿ.

ಅಜ್ಜಿಯ ಬಾಳೆಲ್ಲ ಕಳೆದುದು ಮೂಡುಬಿದಿರೆಯಲ್ಲಿ. ಬೆಳಗ್ಗೆ ಸಾವಿರ ಕಂಬದ ಬಸದಿಗೆ ಹೋಗಿ ಚಂದ್ರನಾಥ ಸ್ವಾಮಿಯ ದರ್ಶನ ಮಾಡದೆ ಅವರು ಬಾಯಿಗೆ ನೀರು ಹಾಕುತ್ತಿರಲಿಲ್ಲ. ಬಾವಿಯ ನೀರನ್ನು ಎರಡು ಮಡಿಕೆಯ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದುದನ್ನು ಅದೇ ಬಾವಿಗೆ ಮೆಲ್ಲನೆ ಮರಳಿಸುವರು. ಅಷ್ಟಮಿಯಂದು ಏಕಭುಕ್ತ, ಚತುರ್ದಶಿಯಂದು ಉಪವಾಸ. ಸೂರ್ಯಾಸ್ತಕ್ಕೆ ಎರಡು ಘಳಿಗೆ ಇರುವಾಗಲೇ ಊಟ ಮುಗಿಯಬೇಕು. ಕಾಲದ ಮಿತಿಯಿಟ್ಟು ಹಿಡಿದುದು ನಿಯಮ, ಜೀವವಿರುವ ತನಕ ಹಿಡಿದುದು ಯಮ ಎಂದು ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಭೇದ ಹೇಳಿದ್ದಾರೆ. ಅಜ್ಜಿಯ ರಾತ್ರಿಭೋಜನ ತ್ಯಾಗವು ಯಮವಾಗಿತ್ತು.

1974ರ ಮಳೆಗಾಲ. ನಮ್ಮ ಕಡೆಯ ಆಟಿ ತಿಂಗಳ ಮಳೆಯಲ್ಲಿ ದಿನಗಟ್ಟಲೆ ಸೂರ್ಯನ ಮುಖವೇ ಕಾಣದು. ಹೊತ್ತು ತಿಳಿಯಲು ಚಾವಡಿಯ ಗಡಿಯಾರವೊಂದೇ ಗತಿ. ಅಜ್ಜಿಯ ಕಣ್ಣಿಗೆ ಅದರ ಮುಳ್ಳು ಕಾಣುತ್ತಿರಲಿಲ್ಲ. ಚತುರ್ದಶಿಯ ಉಪವಾಸ ಕಳೆದ ಮರುದಿನ ಅವರಿಗೆ ಜ್ವರ ಬಂದಿತು. ಪಾರಣೆಯೂ ಇಲ್ಲದೆ ಮಲಗಿದವರು ಕಣ್ಣು ತೆರೆದಾಗ ಗಂಟೆ ಏಳು ದಾಟಿತ್ತು. “ಮಗಾ, ಹೊತ್ತೆಷ್ಟಾಯಿತು?” ಎಂದರು. ಅವರ ಬತ್ತಿದ ತುಟಿಯನ್ನು ನೋಡಿ, “ಐದೂವರೆ, ಅಜ್ಜಿ” ಎಂದೆನು. ಒಲೆಯ ಮೇಲಿದ್ದ ಗಂಜಿಯನ್ನು ತಂದುಕೊಟ್ಟೆನು. ಅವರು ಕುಡಿದರು. ಬಟ್ಟಲನ್ನು ಕೆಳಗಿಡುವಾಗ ಒಳಗಣ ಕೋಣೆಯಲ್ಲಿ ಉರಿಯುತ್ತಿದ್ದ ದೀಪದತ್ತ ಅವರ ದೃಷ್ಟಿ ಹೋಯಿತು. ಏನನ್ನೂ ಹೇಳಲಿಲ್ಲ.

ಮರುದಿನ ಅವರು ನೀರಲ್ಲದೆ ಏನನ್ನೂ ಮುಟ್ಟಲಿಲ್ಲ. ನನಗೆ ಅರ್ಥವಾಯಿತು. ಅಳುತ್ತಾ ಹೋಗಿ ನಿಜವನ್ನು ಹೇಳಿ, “ಸುಳ್ಳು ಹೇಳಿದವನು ನಾನು, ನೀವೇಕೆ ಉಪವಾಸ ಮಾಡುವಿರಿ?” ಎಂದು ಕೇಳಿದೆನು. ಅವರೆಂದರು: “ದೀಪ ಉರಿಯುತ್ತಿತ್ತು. ನೋಡಿದ್ದರೆ ತಿಳಿಯುತ್ತಿತ್ತು. ಹಸಿವು ನನ್ನನ್ನು ನೋಡಗೊಡಲಿಲ್ಲ. ಆ ತಪ್ಪು ನನ್ನದು, ಅದಕ್ಕೆ ಈ ಉಪವಾಸ. ನಿನ್ನ ಸುಳ್ಳನ್ನು ನಾನು ಉಪವಾಸ ಮಾಡಿ ಕಳೆಯಲಾಗದು ಮಗಾ. ಅದನ್ನು ನೀನೇ ಕಳೆದುಕೊಳ್ಳಬೇಕು.”

ಮುಂದೆ ತತ್ತ್ವಾರ್ಥಸೂತ್ರವನ್ನು ಓದಿದಾಗ ಅಜ್ಜಿಯ ಮಾತಿನ ಆಳವು ತಿಳಿಯಿತು. ಹಿಂಸೆಯ ಲಕ್ಷಣವನ್ನು ಹೇಳುವಲ್ಲಿ ಉಮಾಸ್ವಾಮಿಗಳು ಪ್ರಮಾದವನ್ನು ಮುಂದಿಟ್ಟಿದ್ದಾರೆ. ಬೇಕೆಂದೇ ಮಾಡಲಿಲ್ಲ ಎಂದಮಾತ್ರಕ್ಕೆ ನಾವು ದೋಷಮುಕ್ತರಾಗೆವು. ಎಚ್ಚರಿಕೆಯಿಂದ ಇದ್ದೆವೇ ಎಂದೂ ಕೇಳಿಕೊಳ್ಳಬೇಕು. ಅಜ್ಜಿಯು ಕೇಳಿಕೊಂಡುದು ಈ ಎರಡನೆಯ ಪ್ರಶ್ನೆಯನ್ನು. ಅದೇ ಏಳನೆಯ ಅಧ್ಯಾಯದಲ್ಲಿ, ಶಲ್ಯವಿಲ್ಲದವನೇ ವ್ರತಿ ಎಂದಿದೆ. ಮಾಯೆ, ಮಿಥ್ಯಾತ್ವ, ನಿದಾನಗಳೆಂಬ ಮೂರು ಶಲ್ಯಗಳಲ್ಲಿ ಮೊದಲನೆಯದಾದ ಮಾಯೆ, ಎಂದರೆ ಕಪಟ, ನನ್ನಲ್ಲಿ ನೆಟ್ಟಿತ್ತು.

“ಪ್ರೀತಿಯಿಂದ ಹೇಳಿದ ಸುಳ್ಳಲ್ಲವೆ?” ಎನ್ನಬಹುದು. ಜನ್ನನು 1209ರಲ್ಲಿ ರಚಿಸಿದ ಯಶೋಧರ ಚರಿತೆಯ ಕಥೆಯನ್ನು ನೆನೆಯೋಣ. ಯಶೋಧರನು ಹಿಟ್ಟಿನ ಕೋಳಿಯನ್ನು ಬಲಿಕೊಡಲು ಒಪ್ಪಿದುದು ತಾಯಿ ಚಂದ್ರಮತಿಯ ಮಾತನ್ನು ಮೀರಲಾರದೆ. ತಾಯಿಯು ಹಾಗೆ ಬೇಡಿದುದೂ ಮಗನ ಕ್ಷೇಮಕ್ಕಾಗಿಯೇ. ಇಬ್ಬರಲ್ಲಿಯೂ ಪ್ರೀತಿಯಿತ್ತು, ಆದರೂ ಇಬ್ಬರೂ ತಿರ್ಯಂಚ ಜನ್ಮಗಳಲ್ಲಿ ತೊಳಲಿದರು. ಪ್ರೀತಿಯು ಸಂಕಲ್ಪದೋಷವನ್ನು ತೊಳೆಯದು.

ಇಂದಿಗೂ ನಮ್ಮ ಮನೆಗಳಲ್ಲಿ ವ್ರತನಿಷ್ಠರಾದ ಹಿರಿಯರಿಗೆ ಕಾಯಿಲೆಯಾದಾಗ, ಅವರಿಗೆ ತಿಳಿಯದಂತೆ ರಾತ್ರಿ ಹಾಲಿನಲ್ಲಿ ಮಾತ್ರೆಯನ್ನು ಬೆರೆಸಿ ಕೊಡುವವರುಂಟು. ಅವರ ಕಳವಳವನ್ನು ನಾನು ಬಲ್ಲೆನು; ಹಳಿಯಲಾರೆನು. ಆದರೆ ಬೇರೆ ದಾರಿಯಿದೆ. ಎಷ್ಟೋ ಔಷಧಗಳ ಸಮಯವನ್ನು ವೈದ್ಯರು ಹಗಲಿಗೆ ಹೊಂದಿಸಿ ಕೊಡಬಲ್ಲರು. ಮೊದಲು ಅವರನ್ನು ಕೇಳಬೇಕು. ಅದಾಗದಿದ್ದಲ್ಲಿ ಹಿರಿಯರ ಬಳಿ ಕುಳಿತು ನಿಜಸ್ಥಿತಿಯನ್ನು ಹೇಳಬೇಕು. ಔಷಧ ಕೊಂಡು ಪ್ರಾಯಶ್ಚಿತ್ತ ಮಾಡಿಕೊಳ್ಳುವರೋ, ವ್ರತದಲ್ಲೇ ನಿಲ್ಲುವರೋ, ಅದನ್ನು ನಿಶ್ಚಯಿಸತಕ್ಕವರು ಅವರು. ಸಂಕಲ್ಪ ಮಾಡಿದವರು ಅವರಲ್ಲವೆ? ಅವರು ನಿಶ್ಚಯಿಸಿದುದು ನಮಗೆ ದುಃಖ ತರಬಹುದು. ಆ ದುಃಖವನ್ನು ತಪ್ಪಿಸಿಕೊಳ್ಳಲೆಂದೇ ನಾವು ಬಹುಸಲ ಸುಳ್ಳನ್ನಾಡುತ್ತೇವೆ. ಅಂದು ನಾನೂ ಹಾಗೆಯೇ ಆಡಿದೆನು.

ಆ ಉಪವಾಸದ ಮರುದಿನ ಅಜ್ಜಿ ಪುನಃ “ಹೊತ್ತೆಷ್ಟಾಯಿತು, ಮಗಾ?” ಎಂದು ನನ್ನನ್ನೇ ಕೇಳಿದರು. ಮನೆಯಲ್ಲಿ ಬೇರೆಯವರಿದ್ದರೂ ನನ್ನನ್ನೇ ಕೇಳಿದರು. ನಾನು ಚಾವಡಿಗೆ ಹೋಗಿ, ಗಡಿಯಾರವನ್ನು ಎರಡು ಸಲ ನೋಡಿ, ಬಂದು ಹೇಳಿದೆನು.