ಗುಂಡು ತಾಗದೆ ಸತ್ತವನ ಪದಕ

ಪುಣೆ ಬಳಿಯ ಚಾಕಣದಲ್ಲಿ, ಲೋಹ ಒತ್ತುವ ಪ್ರೆಸ್ ಶಾಪಿನಲ್ಲಿ ದುಡಿಯುವವರಿಗೆ ಯಾವ ಲೋಹದ ತುಂಡು ಸಿಕ್ಕರೂ ಮೊದಲು ಅಂಚು ಸವರಿ ನೋಡುವ ಚಾಳಿ. ಪುಣೆಯ ಜುನಾ ಬಜಾರಿನಲ್ಲಿ ಹಳೇ ಬೀಗ, ನಿಂತುಹೋದ ಗಡಿಯಾರಗಳ ನಡುವೆ ಬಿದ್ದಿದ್ದ ಆರು ಮೂಲೆಯ ನಕ್ಷತ್ರದ ಪದಕವನ್ನೂ ನಾನು ಹಾಗೇ ಸವರಿ ನೋಡಿದೆ. ಡೈಯಲ್ಲಿ ಒತ್ತಿದ ಮಾಲು. ನಡುವೆ ಆರನೇ ಜಾರ್ಜ್ ದೊರೆಯ ಮುದ್ರೆ, ಅದರ ಸುತ್ತ 1939–1945 ಎಂಬ ಇಸವಿ. ಹಿಂಬದಿ ಪೂರಾ ಬೋಳು. ಅಸಲಿಯೋ ನಕಲಿಯೋ, ಮಾರುವವನಿಗೂ ಖಾತ್ರಿಯಿರಲಿಲ್ಲ.

ಬೋಳಾಗಿದ್ದರಲ್ಲಿ ಆಶ್ಚರ್ಯವೇನಿಲ್ಲ. ಎರಡನೇ ಮಹಾಯುದ್ಧದ ಈ ಸೇವಾಪದಕಗಳನ್ನು ಬ್ರಿಟನ್ ತನ್ನವರಿಗೆ ಹೆಸರು ಕೊರೆಸದೆಯೇ ಕೊಟ್ಟಿತು. ಭಾರತ, ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾದ ಯೋಧರ ಪದಕಗಳ ಮೇಲೆ ಮಾತ್ರ ಹೆಸರು ಬಿತ್ತು. ಮನೆಯವರು ಪದಕ ಮಾರಿದ ದಿನವೇ ಬ್ರಿಟಿಷ್ ಸೈನಿಕನ ಹೆಸರು ಅಳಿಯುತ್ತದೆ. ನಮ್ಮವನದು ಲೋಹದಲ್ಲಿ ಉಳಿಯುತ್ತದೆ, ಓದುವವರು ಇರುವುದಿಲ್ಲ ಅಷ್ಟೆ.

ವಿಮಾನದ ಸಿಬ್ಬಂದಿಗೆ ಈ ನಕ್ಷತ್ರ ಸಿಗಬೇಕಾದರೆ ಯುದ್ಧನಿರತ ದಳದಲ್ಲಿ 60 ದಿನ ಇರಬೇಕಿತ್ತು. ಸೇವೆಯಲ್ಲೇ ಸತ್ತರೆ ಆ ಲೆಕ್ಕವೂ ಇಲ್ಲ. ಹೇಗೆ ಸತ್ತ ಎಂದು ಪದಕ ಕೇಳುವುದಿಲ್ಲ. ಹಾರುವ ದೋಣಿಗಳಲ್ಲಿದ್ದವರಿಗೆ ಇದು ಮುಖ್ಯವಾದ ಮಾತು, ಏಕೆಂದರೆ ನೀರಿಗಿಳಿಯುವ ಆ ವಿಮಾನಗಳಿಗೆ ಶತ್ರುವೇ ಬೇಕೆಂದಿರಲಿಲ್ಲ. ಗಾಳಿಯಿಲ್ಲದೆ ನೀರು ಕನ್ನಡಿಯಂತೆ ನಿಂತರೆ ಸಾಕು, ಇನ್ನೆಷ್ಟು ಎತ್ತರದಲ್ಲಿದ್ದೇನೆಂದು ಪೈಲಟ್‌ಗೆ ಅಂದಾಜೇ ಸಿಗದು. ನಮ್ಮ ಬೆಂಗಳೂರಿನ ಬೆಳ್ಳಂದೂರು ಕೆರೆಯ ಮೇಲೂ ಯುದ್ಧಕಾಲದಲ್ಲಿ ಕ್ಯಾಟಲಿನಾ ದೋಣಿಗಳು ಇಳಿಯುತ್ತಿದ್ದವು, ಎಚ್‌ಎಎಲ್‌ನಲ್ಲಿ ರಿಪೇರಿಗೆಂದು.

ಹಾರುವ ದೋಣಿಗಳಿಗೆ ಶತ್ರುವಿಲ್ಲದೆಯೇ ಆದ ಅಪಘಾತಗಳಲ್ಲಿ ಹೆಚ್ಚು ಸದ್ದು ಮಾಡಿದ್ದು 1942ರ ಆಗಸ್ಟ್ 25ರದು. ಸ್ಕಾಟ್ಲೆಂಡಿನಿಂದ ಐಸ್‌ಲ್ಯಾಂಡಿಗೆ ಹೊರಟಿದ್ದ ಸಂಡರ್‌ಲ್ಯಾಂಡ್ ದೋಣಿ ಮಂಜಿನಲ್ಲಿ ಗುಡ್ಡಕ್ಕೆ ಬಡಿಯಿತು. ಒಳಗಿದ್ದ 15 ಮಂದಿಯಲ್ಲಿ ಬದುಕಿದ್ದು ಬಾಲದ ತುದಿಯ ಗನ್ನರ್ ಆಂಡ್ರ್ಯೂ ಜ್ಯಾಕ್ ಒಬ್ಬನೇ. ಸತ್ತವರಲ್ಲಿ ದೊರೆಯ ತಮ್ಮ, ಕೆಂಟ್‌ನ ಡ್ಯೂಕ್ ಜಾರ್ಜ್ ಕೂಡ ಇದ್ದ. ತನಿಖೆ ತಪ್ಪನ್ನು ಪೈಲಟ್ ಫ್ರಾಂಕ್ ಗೋಯೆನ್ ತಲೆಗೆ ಕಟ್ಟಿತು. ಆತನೂ ಸತ್ತಿದ್ದ, ಎದುರು ಮಾತಾಡುವಂತಿರಲಿಲ್ಲ.

ಈ ಕಥೆ ಓದಿದಾಗ ನನಗೆ ಡ್ಯೂಕ್‌ಗಿಂತ ಪೈಲಟ್‌ನದೇ ಚಿಂತೆಯಾಯಿತು. ತನಿಖೆಯ ಧಾಟಿ ಬಹಳ ಪರಿಚಿತ. ನಮ್ಮ ಕೈಗಾರಿಕಾ ವಸಾಹತಿನ ಗೇಟುಗಳಲ್ಲಿ ಅಪಘಾತವಿಲ್ಲದ ದಿನಗಳನ್ನು ಎಣಿಸುವ ಬೋರ್ಡು ತೂಗುತ್ತದೆ. ಕಲಬುರಗಿಯಿಂದಲೋ ವಿಜಯಪುರದಿಂದಲೋ ಬಂದ ಹುಡುಗನ ಕೈ ಪ್ರೆಸ್ಸಿಗೆ ಸಿಕ್ಕರೆ ಬೋರ್ಡು ಸೊನ್ನೆಗೆ ಬರುತ್ತದೆ, ವರದಿಯಲ್ಲಿ ‘ಕೆಲಸಗಾರನ ಅಜಾಗರೂಕತೆ’ ಎಂದು ಬೀಳುತ್ತದೆ. ಸೆನ್ಸರ್ ಕೆಟ್ಟಿತ್ತೇ, ಅದು ಅವನ ಸತತ ಎರಡನೇ ಪಾಳಿಯೇ ಎಂಬುದು ಆಮೇಲಿನ ಮಾತು, ಅದೂ ಯಾರಾದರೂ ಕೇಳಿದರೆ.

ಸೈನ್ಯವೇನೂ ದಯಾಳುವಲ್ಲ. ಆದರೆ ಅದರ ದಫ್ತರದಲ್ಲಿ ಎರಡು ಪುಟಗಳಿದ್ದವು. ಒಂದರಲ್ಲಿ ತಪ್ಪು, ಇನ್ನೊಂದರಲ್ಲಿ ಸೇವೆ. ಮೊದಲನೆಯದು ಎರಡನೆಯದನ್ನು ಅಳಿಸುತ್ತಿರಲಿಲ್ಲ. ಚಾಕಣದಿಂದ ಪುಣೆಗೆ ಹೋಗುವಾಗ ಖಡಕಿಯ ಯುದ್ಧ ಸ್ಮಶಾನಕ್ಕೆ ಹೋಗಿ ನೋಡಿ. ಅಧಿಕಾರಿಗೂ ಸಿಪಾಯಿಗೂ ಒಂದೇ ಅಳತೆಯ ಕಲ್ಲು. ಹೆಸರು, ದಳ, ದಿನಾಂಕ ಇವೆ. ಯಾರ ತಪ್ಪಿನಿಂದ ಸತ್ತ ಎಂದು ಕೆತ್ತಿಲ್ಲ.

ಕಾರ್ಖಾನೆಯಲ್ಲಿ ಸತ್ತವನಿಗೆ ಪದಕ ಕೊಡಿ ಎನ್ನುತ್ತಿಲ್ಲ. ಪದಕದ ಬೆಲೆ ಜುನಾ ಬಜಾರಿನಲ್ಲಿ ನೋಡಿದ್ದೇನೆ. ಅಪಘಾತದ ವರದಿಯಲ್ಲಿ ತಪ್ಪಿನ ಕಾಲಮ್ಮಿಗಿಂತ ಮೇಲೆ ಇನ್ನೊಂದು ಕಾಲಮ್ ಇರಲಿ: ಈತ ಈ ಯಂತ್ರದ ಮುಂದೆ ಎಷ್ಟು ವರ್ಷ ನಿಂತಿದ್ದ, ಅಷ್ಟರಲ್ಲಿ ಎಷ್ಟು ಲಕ್ಷ ತುಂಡು ಸರಿಯಾಗಿ ಒತ್ತಿದ್ದ.